ಕರುಳಿನ ಕ್ಯಾನ್ಸರ್ ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳು: ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ

ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆಯುವ ಹೊತ್ತಿಗೆ ರೋಗಿಯ ಮನೆಯವರ ಕೈಗೆ ಎರಡು ವಸ್ತುಗಳು ಬಂದಿರುತ್ತವೆ. ಒಂದು ಪೆಥಾಲಜಿ ರಿಪೋರ್ಟ್, ಇನ್ನೊಂದು ಗಡ್ಡೆಯ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್‌ಗಳ ಪೊಟ್ಟಣ. ರಿಪೋರ್ಟಿನ ಕೆಳಗೆ ಎಂಎಂಆರ್, ಎಂಎಸ್‌ಐ, ಸಿಡಿ3, ಸಿಡಿ8, ಎನ್‌ಜಿಎಸ್ ಎಂಬ ಅಕ್ಷರಗಳ ಸಾಲೊಂದಿದ್ದರೆ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಬಳ್ಳಾರಿಯಲ್ಲಿ ಪೆಥಾಲಜಿ ವೃತ್ತಿಯಲ್ಲಿರುವ ನನ್ನ ಮುಂದೆ ಸಿರುಗುಪ್ಪ, ಸಂಡೂರು, ಗಂಗಾವತಿ, ಸಿಂಧನೂರುಗಳಿಂದ ಬಂದು ಕೂರುವವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳುವುದು ಒಂದೇ ಮಾತು: "ಸರ, ಇವನ್ನೆಲ್ಲಾ ಮಾಡಿಸಬೇಕೇನ್ರಿ, ಇಲ್ಲಾ ಯಾವುದಾರ ಒಂದು ಮಾಡಿಸಿದ್ರ ನಡಿತೈತೇನ್ರಿ?"

ಬಹಳಷ್ಟು ಮಂದಿಗೆ ಒಂದೇ ನಡೆಯುತ್ತದೆ. ಆ ಒಂದು ಯಾವುದು ಎಂಬುದು ಮಾತ್ರ ರೋಗ ಯಾವ ಹಂತದಲ್ಲಿದೆ, ವೈದ್ಯರು ಮುಂದೆ ಯಾವ ನಿರ್ಧಾರ ತೆಗೆದುಕೊಳ್ಳಬೇಕಾಗಿದೆ ಎಂಬುದರ ಮೇಲೆ ನಿಂತಿದೆ. ಈ ಪರೀಕ್ಷೆಗಳೆಲ್ಲವೂ ಗಡ್ಡೆಗೂ ದೇಹದ ರಕ್ಷಣಾ ವ್ಯವಸ್ಥೆಗೂ ಇರುವ ಸಂಬಂಧವನ್ನೇ ಕುರಿತು ಮಾತನಾಡುವಂತೆ ಕಂಡರೂ ಒಂದೊಂದು ಉತ್ತರಿಸುವ ಪ್ರಶ್ನೆ ಬೇರೆ ಬೇರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿರುವ ಹಣ ಒಂದೇ ಪರೀಕ್ಷೆಗೆ ಸಾಲುವಷ್ಟಿದ್ದರೆ ಅದು ಎಂಎಂಆರ್ ಪರೀಕ್ಷೆಯೇ (ಡಿಎನ್‌ಎ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳು ಗಡ್ಡೆಯಲ್ಲಿವೆಯೇ ಎಂದು ನೋಡುವುದು) ಆಗಬೇಕು. ರೋಗನಿರೋಧಕ ಕೋಶಗಳ ಎಣಿಕೆ ಎಷ್ಟೇ ಸೊಗಸಾದ ವಿಜ್ಞಾನವಾದರೂ ಅದರ ಸರದಿ ಆಮೇಲಿನದು. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಗಡ್ಡೆಯೊಳಗೆ ಏನಿರುತ್ತದೆ

ಕ್ಯಾನ್ಸರ್ ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಸೂಕ್ಷ್ಮದರ್ಶಕದಡಿ ನೋಡಿದರೆ ಅದರಲ್ಲಿ ರಕ್ತನಾಳಗಳು, ನಾರಿನ ಅಂಗಾಂಶ ಮತ್ತು ದೇಹ ಕಳಿಸಿದ ಬಿಳಿರಕ್ತಕಣಗಳು ಸೇರಿಕೊಂಡಿರುವುದು ಕಾಣುತ್ತದೆ. ಆ ಬಿಳಿರಕ್ತಕಣಗಳಲ್ಲಿ ಟಿ ಕೋಶಗಳಿವೆ, ಬಿ ಕೋಶಗಳಿವೆ, ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳಿವೆ. ಟಿ ಕೋಶಗಳೆಲ್ಲದರ ಮೈಮೇಲೂ ಸಿಡಿ3 ಎಂಬ ಗುರುತು ಇರುತ್ತದೆ. ಅವುಗಳಲ್ಲಿ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲವುಗಳ ಮೇಲೆ ಸಿಡಿ8 ಎಂಬ ಇನ್ನೊಂದು ಗುರುತು ಇರುತ್ತದೆ. ಸಿಡಿ3 ಬಣ್ಣ ಹಾಕಿದರೆ ಟಿ ಕೋಶಗಳೆಲ್ಲವೂ ಕಾಣುತ್ತವೆ, ಸಿಡಿ8 ಹಾಕಿದರೆ ಕೊಲ್ಲುವ ಪಡೆಯಷ್ಟೇ ಕಾಣುತ್ತದೆ.

ಇವುಗಳ ಸಂಖ್ಯೆಗೂ ರೋಗಿಯ ಭವಿಷ್ಯಕ್ಕೂ ಸಂಬಂಧವಿದೆ ಎಂಬ ಅನುಮಾನ ಹಳೆಯದು. ಅದಕ್ಕೆ ಗಟ್ಟಿ ಆಧಾರ ದೊರೆತದ್ದು 2006ರಲ್ಲಿ, ಪ್ಯಾರಿಸಿನ ಜೆರೋಮ್ ಗಲೋನ್ ಮತ್ತು ಫ್ರಾಂಕ್ ಪಜೆಸ್ ಅವರ ತಂಡ ಕರುಳಿನ ಗಡ್ಡೆಗಳಲ್ಲಿ ಯಾವ ಬಗೆಯ ಕೋಶಗಳಿವೆ, ಎಷ್ಟಿವೆ, ಎಲ್ಲಿವೆ ಎಂಬ ಮೂರನ್ನೂ ಅಳೆದು ತೋರಿಸಿದಾಗ. ಮೂರರಲ್ಲಿ 'ಎಲ್ಲಿ' ಎಂಬುದು ಮುಖ್ಯವಾಗಿತ್ತು. ಗಡ್ಡೆಯ ನಡುಭಾಗದಲ್ಲಿಯೂ, ಅದು ಆರೋಗ್ಯವಂತ ಅಂಗಾಂಶದೊಳಕ್ಕೆ ನುಗ್ಗುತ್ತಿರುವ ಅಂಚಿನಲ್ಲಿಯೂ ಟಿ ಕೋಶಗಳು ದಟ್ಟವಾಗಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆ ಎಂದು ಆ ಅಧ್ಯಯನ ಹೇಳಿತು. ಕೋಶಗಳು ಹೊರಗಿನ ಅಂಚಿನಲ್ಲಷ್ಟೇ ನಿಂತುಬಿಟ್ಟಿದ್ದರೆ, ಊರ ಅಗಸೆಯ ಹೊರಗೇ ಕಾವಲು ನಿಂತಂತೆ, ಒಳಗಿನ ಕೆಲಸ ಆಗಿಲ್ಲವೆಂದೇ ಅರ್ಥ.

ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ನಿಯಂತ್ರಕ ಟಿ ಕೋಶಗಳು ಬೇರೆ ಹಲವು ಕ್ಯಾನ್ಸರ್‌ಗಳಲ್ಲಿ ಕೆಟ್ಟ ಸೂಚನೆ. ಕರುಳಿನ ಕ್ಯಾನ್ಸರ್‌ನಲ್ಲಿ ಮಾತ್ರ ಅವು ಹೆಚ್ಚಿರುವವರ ಸ್ಥಿತಿ ಒಳ್ಳೆಯದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕರುಳಿನೊಳಗೆ ಸದಾ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುವುದರಿಂದ ಅಲ್ಲಿನ ಉರಿಯೂತವನ್ನು ತಗ್ಗಿಸುವುದೇ ಗಡ್ಡೆಗೆ ಅಡ್ಡಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಆದ್ದರಿಂದ ಸ್ತನದ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಓದಿದ್ದನ್ನು ಕರುಳಿಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ಖರ್ಚಿಲ್ಲದೆ ಸಿಗುವ ಮಾಹಿತಿ

ಬೇರೆ ಪರೀಕ್ಷೆಗಳಿಗೆ ಹಣ ಕೊಡುವ ಮೊದಲು ಕೈಯಲ್ಲಿರುವ ರಿಪೋರ್ಟನ್ನು ಪೂರ್ತಿ ಓದಿಸಿಕೊಳ್ಳಿ. ಸಾಮಾನ್ಯ ಗುಲಾಬಿ-ನೇರಳೆ ಬಣ್ಣದ ಸ್ಲೈಡಿನಲ್ಲಿಯೇ ಅನುಭವಿ ಪೆಥಾಲಜಿಸ್ಟ್ ಗಡ್ಡೆಯೊಳಗೆ ನುಸುಳಿದ ಲಿಂಫೋಸೈಟುಗಳನ್ನು (ಟಿ, ಬಿ ಕೋಶಗಳಂಥ ಬಿಳಿರಕ್ತಕಣಗಳನ್ನು) ಗುರುತಿಸಬಲ್ಲರು. ಗಡ್ಡೆಯ ಹೊರಅಂಚಿನಲ್ಲಿ ಲಿಂಫೋಸೈಟುಗಳು ಗುಂಪುಗುಂಪಾಗಿ ಉಂಡೆಗಟ್ಟಿ ನಿಂತಿದ್ದರೆ ಅದಕ್ಕೆ ಕ್ರೋನ್ಸ್ ಮಾದರಿಯ ಪ್ರತಿಕ್ರಿಯೆ ಎಂದು ಹೆಸರು. ಗಡ್ಡೆ ಕರುಳಿನ ಬಲಭಾಗದಲ್ಲಿರುವುದು, ಅದರಲ್ಲಿ ಲೋಳೆ ಹೆಚ್ಚಿರುವುದು, ಕೋಶಗಳು ನಳಿಗೆಯ ಆಕಾರ ಕಳೆದುಕೊಂಡು ಹಾಳೆಯಂತೆ ಹರಡಿರುವುದು, ಇವುಗಳ ಜೊತೆ ಲಿಂಫೋಸೈಟುಗಳೂ ಸೇರಿದ್ದರೆ ಎಂಎಂಆರ್ ದೋಷವಿರುವ ಸಾಧ್ಯತೆ ಹೆಚ್ಚು. ಪರೀಕ್ಷಿಸಿದ ದುಗ್ಧಗ್ರಂಥಿಗಳ ಸಂಖ್ಯೆಯನ್ನೂ ನೋಡಿ. ಕನಿಷ್ಠ 12 ಗ್ರಂಥಿಗಳನ್ನು ಪರೀಕ್ಷಿಸಿರಬೇಕು ಎಂಬುದು ಅಂತರರಾಷ್ಟ್ರೀಯ ವಾಡಿಕೆ. ಐದಾರು ಗ್ರಂಥಿಗಳನ್ನಷ್ಟೇ ನೋಡಿ 'ಎರಡನೇ ಹಂತ', ಅಂದರೆ ರೋಗ ಗ್ರಂಥಿಗಳಿಗೆ ಹರಡಿಲ್ಲ, ಎಂದು ಬರೆದಿದ್ದರೆ ಆ ಹಂತವೇ ಅನುಮಾನದ್ದು. ಆಗ ಉಳಿದ ಕೊಬ್ಬಿನ ಅಂಗಾಂಶದಲ್ಲಿ ಇನ್ನಷ್ಟು ಗ್ರಂಥಿಗಳನ್ನು ಹುಡುಕುವಂತೆ ಕೇಳುವುದು ಬೇರಾವ ಪರೀಕ್ಷೆಗಿಂತಲೂ ಉಪಯುಕ್ತ.

ಸ್ಲೈಡ್ ನೋಡಿ ಹೇಳುವುದರಲ್ಲಿ ಒಂದು ಕೊರತೆಯಿದೆ. ಒಬ್ಬರು 'ಸಾಧಾರಣ' ಎಂದದ್ದನ್ನು ಇನ್ನೊಬ್ಬರು 'ಹೆಚ್ಚು' ಎನ್ನಬಹುದು. ನನ್ನದೇ ಹಳೆಯ ಸ್ಲೈಡುಗಳನ್ನು ಹೆಸರು ಮುಚ್ಚಿ ಮತ್ತೆ ನೋಡಿದಾಗ ನನ್ನ ಮಾತಿಗೆ ನಾನೇ ಒಪ್ಪದ ಸಂದರ್ಭಗಳಿವೆ. ಅದಕ್ಕಾಗಿ ಇದನ್ನು ಸುಳಿವು ಎಂದು ಇಟ್ಟುಕೊಳ್ಳಬೇಕು, ತೀರ್ಪು ಎಂದಲ್ಲ.

ಎಂಎಂಆರ್: ನಾಲ್ಕು ಪ್ರೋಟೀನುಗಳ ಪರೀಕ್ಷೆ

ಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ಅಕ್ಷರದೋಷಗಳನ್ನು ತಿದ್ದುವ ವ್ಯವಸ್ಥೆಯೊಂದು ನಮ್ಮ ಕೋಶಗಳಲ್ಲಿದೆ. ಅದರ ನಾಲ್ಕು ಮುಖ್ಯ ಪ್ರೋಟೀನುಗಳು ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6. ಇವು ಜೋಡಿಯಾಗಿ ಕೆಲಸ ಮಾಡುತ್ತವೆ: ಎಂಎಲ್‌ಎಚ್1 ಹೋದರೆ ಅದನ್ನೇ ಆತುಕೊಂಡಿರುವ ಪಿಎಂಎಸ್2 ಕೂಡ ಕಾಣೆಯಾಗುತ್ತದೆ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕಾಣೆಯಾಗುತ್ತದೆ. ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಷ್ಟರಲ್ಲಿ ಈ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಹರಡಿದ ನಾಲ್ಕನೇ ಹಂತದಲ್ಲಿ ಆ ಪ್ರಮಾಣ ಶೇ. 5ರ ಆಸುಪಾಸಿಗೆ ಇಳಿಯುತ್ತದೆ. ಆ ಇಳಿಕೆಯೇ ಒಂದು ಕತೆ ಹೇಳುತ್ತದೆ: ಇಂತಹ ಗಡ್ಡೆಗಳು ದೂರಕ್ಕೆ ಹರಡುವುದು ಕಡಿಮೆ.

ಏಕೆಂದರೆ ತಿದ್ದುವವರಿಲ್ಲದ ಕೋಶದಲ್ಲಿ ತಪ್ಪುಗಳು ರಾಶಿ ಬೀಳುತ್ತವೆ, ತಪ್ಪು ಡಿಎನ್‌ಎ ತಪ್ಪು ಪ್ರೋಟೀನುಗಳನ್ನು ತಯಾರಿಸುತ್ತದೆ, ಆ ಪ್ರೋಟೀನುಗಳ ತುಣುಕುಗಳು ಕೋಶದ ಮೈಮೇಲೆ ಬಂದಾಗ ಟಿ ಕೋಶಗಳು ಅವನ್ನು ಪರಕೀಯವೆಂದು ಗುರುತಿಸಿ ಮುತ್ತಿಕೊಳ್ಳುತ್ತವೆ. ಎಂಎಂಆರ್ ದೋಷವಿರುವ ಗಡ್ಡೆಗಳಲ್ಲಿ ರೋಗನಿರೋಧಕ ಕೋಶಗಳು ತುಂಬಿ ತುಳುಕುವುದಕ್ಕೆ ಇದೇ ಕಾರಣ. ಗಡ್ಡೆ ಸುಮ್ಮನೆ ಸಾಯುವುದಿಲ್ಲ. ಅದು ಟಿ ಕೋಶಗಳಿಗೆ ಕಡಿವಾಣ ಹಾಕುತ್ತದೆ. ಇಮ್ಯುನೋಥೆರಪಿಯ ಔಷಧಿಗಳು ಆ ಕಡಿವಾಣವನ್ನು ಬಿಚ್ಚುತ್ತವೆ. ಈ ಕಡಿವಾಣಗಳನ್ನು ಕಂಡುಹಿಡಿದು ಬಿಚ್ಚುವ ದಾರಿ ತೋರಿಸಿದ್ದಕ್ಕಾಗಿಯೇ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು.

ಪರೀಕ್ಷೆಯ ವಿಧಾನ ಸರಳ. ಬ್ಲಾಕಿನಿಂದ ತೆಳ್ಳನೆಯ ಪದರಗಳನ್ನು ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಪ್ರೋಟೀನಿನ ಬಣ್ಣ ಹಾಕುತ್ತಾರೆ. ಇದನ್ನೇ ಐಎಚ್‌ಸಿ ಎನ್ನುವುದು. ಕ್ಯಾನ್ಸರ್ ಕೋಶಗಳ ಬೀಜಕೇಂದ್ರಕ್ಕೆ ಬಣ್ಣ ಹಿಡಿದರೆ ಪ್ರೋಟೀನ್ ಇದೆ, ಹಿಡಿಯದಿದ್ದರೆ ಇಲ್ಲ. ಇಲ್ಲಿ ಗಡ್ಡೆಯೊಳಗಿನ ಲಿಂಫೋಸೈಟುಗಳು ಇನ್ನೊಂದು ರೀತಿಯಲ್ಲಿ ನೆರವಿಗೆ ಬರುತ್ತವೆ. ಅವು ರೋಗಿಯ ಸಹಜ ಕೋಶಗಳಾದ್ದರಿಂದ ಅವುಗಳಿಗೆ ಬಣ್ಣ ಹಿಡಿಯಲೇಬೇಕು. ಕ್ಯಾನ್ಸರ್ ಕೋಶ ಬಿಳುಪಾಗಿದ್ದು ಪಕ್ಕದ ಲಿಂಫೋಸೈಟ್ ಕಂದಾಗಿದ್ದರೆ ಫಲಿತಾಂಶವನ್ನು ನಂಬಬಹುದು. ಎರಡೂ ಬಿಳುಪಾಗಿದ್ದರೆ ಕೆಟ್ಟಿರುವುದು ಪರೀಕ್ಷೆ, ಪ್ರೋಟೀನಲ್ಲ. ರಿಪೋರ್ಟಿನಲ್ಲಿ ಒಳನಿಯಂತ್ರಣ ಸರಿಯಿದೆ ಎಂಬ ಅರ್ಥದ ಸಾಲು ಇದೆಯೇ ಎಂದು ನೋಡುವುದನ್ನು ಎಲ್ಲರಿಗೂ ಹೇಳುತ್ತೇನೆ.

ಕೆಲವು ಸಾವಿರ ರೂಪಾಯಿಯ ಈ ಪರೀಕ್ಷೆಯಿಂದ ಮೂರು ನಿರ್ಧಾರಗಳು ಬದಲಾಗುತ್ತವೆ. ಎರಡನೇ ಹಂತದ ರೋಗಿಗೆ ಎಂಎಂಆರ್ ದೋಷವಿದ್ದರೆ ಕೇವಲ ಫ್ಲೋರೋಯುರಾಸಿಲ್ ಇಂಜೆಕ್ಷನ್ ಅಥವಾ ಕೇಪ್‌ಸಿಟಬಿನ್ ಮಾತ್ರೆಯ ಕೀಮೋದಿಂದ ಪ್ರಯೋಜನವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ರೋಗದ ಮುನ್ಸೂಚನೆಯೂ ಒಳ್ಳೆಯದೇ ಆಗಿರುವುದರಿಂದ ಬಹಳಷ್ಟು ಮಂದಿಗೆ ಕೀಮೋ ಬೇಕಾಗುವುದಿಲ್ಲ. ಆರು ತಿಂಗಳ ಮಾತ್ರೆ, ಅಂಗೈ-ಅಂಗಾಲು ಸುಲಿಯುವ ತೊಂದರೆ, ಊರಿಂದ ಊರಿಗೆ ಓಡಾಟ, ಇವೆಲ್ಲವನ್ನೂ ಒಂದು ಸ್ಲೈಡು ಉಳಿಸಬಲ್ಲದು. ನಾಲ್ಕನೇ ಹಂತದಲ್ಲಿ ಇದೇ ಫಲಿತಾಂಶ ಇಮ್ಯುನೋಥೆರಪಿಯ ಬಾಗಿಲು ತೆರೆಯುತ್ತದೆ. ಕೀನೋಟ್-177 ಎಂಬ ಅಧ್ಯಯನದಲ್ಲಿ ಇಂತಹ 307 ರೋಗಿಗಳ ಪೈಕಿ ಪೆಂಬ್ರೊಲಿಜುಮಾಬ್ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2 ತಿಂಗಳು.

ಮೂರನೆಯದು ಮನೆತನಕ್ಕೆ ಸಂಬಂಧಿಸಿದ್ದು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಂಎಂಆರ್ ದೋಷ ಕೆಲವರಲ್ಲಿ ವಯಸ್ಸಿನೊಂದಿಗೆ ಗಡ್ಡೆಯಲ್ಲಷ್ಟೇ ಉಂಟಾದದ್ದು, ಇನ್ನು ಕೆಲವರಲ್ಲಿ ಹುಟ್ಟಿನಿಂದಲೇ ಬಂದದ್ದು. ಎಂಎಲ್‌ಎಚ್1 ಕಾಣೆಯಾಗಿದ್ದು ಬಿಆರ್‌ಎಎಫ್ ವಿ600ಇ ಎಂಬ ಬದಲಾವಣೆಯೂ ಗಡ್ಡೆಯಲ್ಲಿದ್ದರೆ ಅದು ಬಹುಪಾಲು ಮೊದಲ ಬಗೆಯದು. ಇಲ್ಲದಿದ್ದರೆ, ಅಥವಾ ಎಂಎಸ್‌ಎಚ್2 ಜೋಡಿ ಕಾಣೆಯಾಗಿದ್ದರೆ, ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆಯನ್ನು ರಕ್ತಪರೀಕ್ಷೆಯಿಂದ ಹುಡುಕಬೇಕು. ಕರುಳಿನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಮೂವರಿಗೆ ಇದು ಇರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆಯೂ ಹೆಚ್ಚುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಒಂದೇ ಮನೆತನದ ಇಬ್ಬರಲ್ಲೂ ಈ ದೋಷವಿದ್ದು ಅವರ ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಬಾಲ್ಯದಲ್ಲಿಯೇ ಮೆದುಳು, ರಕ್ತ ಅಥವಾ ಕರುಳಿನ ಕ್ಯಾನ್ಸರ್ ಬರಬಹುದು. ಹಾಗಾಗಿ "ಮನಿಯಾಗ ಯಾರಿಗಾರ ಹಿಂಗ ಆಗಿತ್ತೇನು?" ಎಂದು ಕೇಳಿದಾಗ, ಮದುವೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಮುಚ್ಚಿಡದೆ ಹೇಳಬೇಕು. ದೋಷವಿರುವವರಿಗೆ 20-25ನೇ ವಯಸ್ಸಿನಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ಮಾಡಿದರೆ ಗಡ್ಡೆಯಾಗುವ ಮೊದಲೇ ಗುಳ್ಳೆಯನ್ನು ತೆಗೆಯಬಹುದು.

ಗುದನಾಳದ ಕ್ಯಾನ್ಸರ್‌ನಲ್ಲಿ ಈ ಪರೀಕ್ಷೆಯ ಹೊತ್ತೂ ಮುಖ್ಯ. ಅಲ್ಲಿ ಶಸ್ತ್ರಚಿಕಿತ್ಸೆಗೂ ಮೊದಲು ರೇಡಿಯೇಷನ್ ಕೊಡುವುದು ರೂಢಿ. ಆದರೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು 2022ರಲ್ಲಿ ಎಂಎಂಆರ್ ದೋಷವಿರುವ 12 ರೋಗಿಗಳಿಗೆ ಡೊಸ್ಟಾರ್ಲಿಮಾಬ್ ಎಂಬ ಇಮ್ಯುನೋಥೆರಪಿ ಔಷಧಿ ಒಂದನ್ನೇ ಕೊಟ್ಟಾಗ ಹನ್ನೆರಡೂ ಜನರಲ್ಲಿ ಗಡ್ಡೆ ಸಂಪೂರ್ಣ ಮಾಯವಾಯಿತು. ಮುಂದೆ ಸಂಖ್ಯೆ 49ಕ್ಕೆ ಏರಿದಾಗಲೂ ಅದೇ ಫಲಿತಾಂಶ ಉಳಿಯಿತು. ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಳ್ಳುವ ಪರಿಸ್ಥಿತಿ ತಪ್ಪಬಹುದಾದ ರೋಗಿಗೆ ರೇಡಿಯೇಷನ್ ಶುರುವಾದ ಮೇಲೆ ಈ ಫಲಿತಾಂಶ ತಿಳಿದರೆ ಏನು ಬಂತು? ಅದೂ ಅಲ್ಲದೆ ರೇಡಿಯೇಷನ್ ಆದ ಗಡ್ಡೆಯಲ್ಲಿ ಎಂಎಸ್‌ಎಚ್6 ಬಣ್ಣ ಮಸುಕಾಗಿ ತಪ್ಪು ಅರ್ಥ ಕೊಡಬಹುದು. ಆದ್ದರಿಂದ ಗುದನಾಳದ ಗಡ್ಡೆಯಾದರೆ ಮೊದಲ ಬಯಾಪ್ಸಿಯ ತುಣುಕಿನಲ್ಲಿಯೇ ಇದನ್ನು ಮಾಡಿಸಬೇಕು. ದೊಡ್ಡಕರುಳಿನ ಗಡ್ಡೆಗೂ ಈ ಮಾತು ಹತ್ತಿರವಾಗುತ್ತಿದೆ: ನೆದರ್ಲೆಂಡ್ಸ್‌ನ ನಿಷ್-2 ಅಧ್ಯಯನದಲ್ಲಿ 111 ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು ವಾರಗಳ ಇಮ್ಯುನೋಥೆರಪಿ ಕೊಟ್ಟಾಗ, ಕತ್ತರಿಸಿ ತೆಗೆದ ಕರುಳಿನಲ್ಲಿ ಶೇ. 68ರಷ್ಟು ಜನರಿಗೆ ಜೀವಂತ ಕ್ಯಾನ್ಸರ್ ಕೋಶವೇ ಉಳಿದಿರಲಿಲ್ಲ.

ಪಿಸಿಆರ್ ಬೇಕಾಗುವ ಸಂದರ್ಭ

ಡಿಎನ್‌ಎ ತುಣುಕುಗಳನ್ನು ಹಲವು ಪಟ್ಟು ನಕಲು ಮಾಡುವ ಪಿಸಿಆರ್ ವಿಧಾನದಿಂದ ನಡೆಸುವ ಎಂಎಸ್‌ಐ ಪರೀಕ್ಷೆ ಅದೇ ದೋಷವನ್ನು ಇನ್ನೊಂದು ತುದಿಯಿಂದ ನೋಡುತ್ತದೆ. ತಿದ್ದುವ ಪ್ರೋಟೀನುಗಳು ಇವೆಯೇ ಎಂದು ಹುಡುಕುವ ಬದಲು, ತಿದ್ದದೆ ಬಿಟ್ಟ ತಪ್ಪುಗಳು ಡಿಎನ್‌ಎಯಲ್ಲಿ ಬಿದ್ದಿವೆಯೇ ಎಂದು ಅದು ಪರಿಶೀಲಿಸುತ್ತದೆ. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಐದು ಜಾಗಗಳನ್ನು ಆರಿಸಿ, ಎರಡು ಅಥವಾ ಹೆಚ್ಚು ಜಾಗಗಳಲ್ಲಿ ಉದ್ದ ಬದಲಾಗಿದ್ದರೆ ದೋಷವಿದೆ ಎಂದು ನಿರ್ಧರಿಸುವುದು ಸಾಮಾನ್ಯ ಪದ್ಧತಿ. ಎರಡೂ ಪರೀಕ್ಷೆಗಳ ಫಲಿತಾಂಶ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಒಂದೇ ಆಗಿರುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಮಾಡಿಸುವ ಅಗತ್ಯ ಎಲ್ಲರಿಗೂ ಇಲ್ಲ. ಐಎಚ್‌ಸಿ ಯಾವ ಪ್ರೋಟೀನ್ ಕಾಣೆಯಾಗಿದೆ ಎಂದೂ ಹೇಳುವುದರಿಂದ, ವಂಶವಾಹಿ ತನಿಖೆಗೆ ದಿಕ್ಕು ಸಿಗುತ್ತದೆ. ಅದಕ್ಕೇ ನಾನು ಅದನ್ನು ಮೊದಲು ಇಡುತ್ತೇನೆ. ಬಣ್ಣ ಅರೆಬರೆ ಹಿಡಿದಾಗ, ಇಲ್ಲವೇ ದುಬಾರಿ ಇಮ್ಯುನೋಥೆರಪಿ ಶುರುಮಾಡುವ ಮುನ್ನ ಖಚಿತಪಡಿಸಿಕೊಳ್ಳಬೇಕಾದಾಗ ಪಿಸಿಆರ್ ಮಾಡಿಸಬೇಕು.

ಪಿಸಿಆರ್ ಬಗ್ಗೆ ಒಂದು ಎಚ್ಚರಿಕೆ. ಗಡ್ಡೆಯ ತುಣುಕಿನಲ್ಲಿ ರೋಗನಿರೋಧಕ ಕೋಶಗಳು ವಿಪರೀತವಾಗಿದ್ದರೆ ಅವುಗಳ ಸಹಜ ಡಿಎನ್‌ಎಯೇ ಹೆಚ್ಚಾಗಿ ಕ್ಯಾನ್ಸರ್ ಡಿಎನ್‌ಎ ತೆಳುವಾಗುತ್ತದೆ, ಆಗ ಇರುವ ದೋಷವೂ ಕಾಣದೆ ಹೋಗಬಹುದು. ಪೆಥಾಲಜಿಸ್ಟ್ ಕ್ಯಾನ್ಸರ್ ಕೋಶ ಹೆಚ್ಚಿರುವ ಜಾಗವನ್ನು ಸ್ಲೈಡಿನ ಮೇಲೆ ಗುರುತು ಹಾಕಿ ಕಳಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಕೋಶಗಳ ಎಣಿಕೆ: ಇಮ್ಯುನೋಸ್ಕೋರ್

ಪ್ಯಾರಿಸಿನ ತಂಡ ತನ್ನ ಸಂಶೋಧನೆಯನ್ನು ಪರೀಕ್ಷೆಯ ರೂಪಕ್ಕೆ ತಂದದ್ದು ಇಮ್ಯುನೋಸ್ಕೋರ್. ಗಡ್ಡೆಯ ನಡುಭಾಗ ಮತ್ತು ನುಗ್ಗುವ ಅಂಚು ಎರಡರಲ್ಲೂ ಸಿಡಿ3, ಸಿಡಿ8 ಕೋಶಗಳ ದಟ್ಟಣೆಯನ್ನು ಕಂಪ್ಯೂಟರ್ ಎಣಿಸಿ, ಆ ನಾಲ್ಕು ಸಂಖ್ಯೆಗಳನ್ನು ಬೇರೆ ರೋಗಿಗಳ ಸಾಲಿನಲ್ಲಿಟ್ಟು ಸರಾಸರಿ ಸ್ಥಾನ ಕೊಡುತ್ತದೆ. 25ರವರೆಗೆ ಕಡಿಮೆ, 70ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು. 13 ದೇಶಗಳ 2,681 ರೋಗಿಗಳ ಗಡ್ಡೆಗಳನ್ನು ಹೀಗೆ ಅಳೆದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆ ಕೆಲಸದಲ್ಲಿ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತ್ತು ಎಂಬುದು ನಮಗೆ ಹೆಮ್ಮೆಯ ಸಂಗತಿ. ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿದ್ದು, ಮೊದಲ ಗುಂಪಿನಲ್ಲಿ ಐದು ವರ್ಷದೊಳಗೆ ರೋಗ ಮರುಕಳಿಸಿದ್ದು ಸ್ಕೋರ್ ಹೆಚ್ಚಿದ್ದವರಲ್ಲಿ ಶೇ. 8, ಮಧ್ಯಮದವರಲ್ಲಿ ಶೇ. 19, ಕಡಿಮೆಯವರಲ್ಲಿ ಶೇ. 32.

ಅಂಕಿಅಂಶ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಭವಿಷ್ಯ ತಿಳಿಯುವುದೂ ಚಿಕಿತ್ಸೆ ಬದಲಾಗುವುದೂ ಒಂದೇ ಅಲ್ಲ. ಎಣಿಕೆ ಚಿಕಿತ್ಸೆಗೆ ನೆರವಾಗಬಹುದಾದ ಒಂದು ಸಂದರ್ಭವೆಂದರೆ ಮೂರನೇ ಹಂತ, ಅಂದರೆ ರೋಗ ದುಗ್ಧಗ್ರಂಥಿಗಳಿಗೆ ಹರಡಿರುವುದು. ಅಲ್ಲಿ ಆಕ್ಸಾಲಿಪ್ಲಾಟಿನ್ ಇರುವ ಕೀಮೋವನ್ನು ಮೂರು ತಿಂಗಳು ಕೊಡಬೇಕೇ ಆರು ತಿಂಗಳೇ ಎಂಬುದು ನಿಜವಾದ ಪ್ರಶ್ನೆ, ಏಕೆಂದರೆ ಈ ಔಷಧಿ ಕೈಕಾಲುಗಳ ನರಗಳನ್ನು ಜೋಮುಗಟ್ಟಿಸುತ್ತದೆ. ಐಡಿಯಾ ಎಂಬ ಒಕ್ಕೂಟದ ಅಧ್ಯಯನಗಳಲ್ಲಿ ಆರು ತಿಂಗಳು ಪಡೆದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ಗಮನಾರ್ಹ ಜೋಮು ಉಂಟಾಯಿತು, ಮೂರು ತಿಂಗಳು ಪಡೆದವರಲ್ಲಿ ಆರರಲ್ಲಿ ಒಬ್ಬರಿಗೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಿನವಿಡೀ ಮಷಿನ್ನಿನಡಿ ಬಟ್ಟೆ ಸರಿಸುವವರಿಗೂ, ರಾಯಚೂರಿನ ಹೊಲದಲ್ಲಿ ಹತ್ತಿ ಬಿಡಿಸುವವರಿಗೂ ಬೆರಳಿನ ಸ್ಪರ್ಶವೇ ಹೋದರೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಐಡಿಯಾದ ಫ್ರಾನ್ಸ್ ಭಾಗದ ರೋಗಿಗಳ ಗಡ್ಡೆಗಳಲ್ಲಿ ಕೋಶಗಳನ್ನು ಎಣಿಸಿದಾಗ ಹೊರಬಂದ ಫಲಿತಾಂಶ ಊಹೆಗೆ ವಿರುದ್ಧವಾಗಿತ್ತು. ಆರು ತಿಂಗಳ ಕೀಮೋದಿಂದ ಹೆಚ್ಚಿನ ಲಾಭ ಪಡೆದವರು ಟಿ ಕೋಶಗಳು ಸಾಕಷ್ಟಿದ್ದವರು, ಕಡಿಮೆ ಇದ್ದವರಲ್ಲಿ ಮೂರಕ್ಕೂ ಆರಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 'ಸೈನ್ಯ ಕಡಿಮೆ ಇದ್ದರೆ ಹೆಚ್ಚು ಔಷಧಿ' ಎಂಬ ಸಾಮಾನ್ಯ ತರ್ಕ ಇಲ್ಲಿ ತಲೆಕೆಳಗಾಯಿತು. ಕೀಮೋ ಕೂಡ ತನ್ನ ಕೆಲಸದ ಒಂದು ಭಾಗವನ್ನು ಈ ಕೋಶಗಳ ಮೂಲಕವೇ ಮಾಡಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಅಲ್ಲಿ ಬಹುತೇಕ ಎಲ್ಲರೂ ಆಕ್ಸಾಲಿಪ್ಲಾಟಿನ್ ಜೊತೆ ಫ್ಲೋರೋಯುರಾಸಿಲ್ ಇಂಜೆಕ್ಷನ್ ಸೇರಿದ ಫಾಲ್‌ಫಾಕ್ಸ್ ಪಡೆದವರು. ನಮ್ಮಲ್ಲಿ ಅದರ ಬದಲು ಕೇಪ್‌ಸಿಟಬಿನ್ ಮಾತ್ರೆ ಸೇರಿದ ಕೇಪಾಕ್ಸ್ ಹೆಚ್ಚು ಬಳಕೆಯಲ್ಲಿದೆ. ಹಾಗಾಗಿ ಈ ಫಲಿತಾಂಶವನ್ನು ನೇರವಾಗಿ ತಂದು ಅನ್ವಯಿಸಲು ನಾನು ಹಿಂಜರಿಯುತ್ತೇನೆ.

ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ಥಳೀಯ ಲ್ಯಾಬ್ ಒಂದು ಸಿಡಿ3, ಸಿಡಿ8 ಬಣ್ಣ ಹಾಕಿ 'ಟಿ ಕೋಶಗಳು ಹೆಚ್ಚಿವೆ' ಎಂದು ಬರೆದುಕೊಟ್ಟರೆ ಅದು ಇಮ್ಯುನೋಸ್ಕೋರ್ ಅಲ್ಲ. ಬಣ್ಣ ಒಂದೇ, ಆದರೆ ಸ್ಕೋರ್ ಎಂಬುದು ನಿಗದಿತ ತಂತ್ರಾಂಶ ಮತ್ತು ನಿಗದಿತ ಗಡಿಸಂಖ್ಯೆಗಳ ಮೇಲೆ ನಿಂತಿದೆ. ಕಣ್ಣಂದಾಜಿನ ವರದಿಯನ್ನು ಹಿಡಿದು ಕೀಮೋ ಕಡಿಮೆ ಮಾಡುವುದಾಗಲಿ ಹೆಚ್ಚು ಮಾಡುವುದಾಗಲಿ ಸರಿಯಲ್ಲ.

ಎಲ್ಲಕ್ಕಿಂತ ಹೆಚ್ಚು ಬಾರಿ ನಾನು ತಿದ್ದಬೇಕಾಗುವ ತಪ್ಪು ತಿಳಿವಳಿಕೆ ಮತ್ತೊಂದಿದೆ. ಟಿ ಕೋಶಗಳು ಹೆಚ್ಚಿವೆ ಎಂದ ಮಾತ್ರಕ್ಕೆ ಇಮ್ಯುನೋಥೆರಪಿ ಕೆಲಸ ಮಾಡುತ್ತದೆ ಎಂದು ಅರ್ಥವಲ್ಲ. ಎಂಎಂಆರ್ ಸರಿಯಾಗಿರುವ, ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಪೆಂಬ್ರೊಲಿಜುಮಾಬ್ ಜಾತಿಯ ಔಷಧಿಗಳು ಒಂಟಿಯಾಗಿ ಬಹುತೇಕ ನಿಷ್ಫಲ. ಹೊಲ ಮಾರಿಯಾದರೂ ಆ ಇಂಜೆಕ್ಷನ್ ಹಾಕಿಸುತ್ತೇವೆ ಎಂದು ಬಂದವರಿಗೆ ಎಂಎಂಆರ್ ರಿಪೋರ್ಟ್ ತೋರಿಸಿ ಬೇಡವೆಂದು ಹೇಳಿ ಕಳಿಸಿದ್ದೇನೆ. ಅದೇ ಜಾತಿಯ ನಿವೊಲುಮಾಬ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಡುವ ಬಗ್ಗೆಯೂ ಕೇಳುತ್ತಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 20 ಮಿ.ಗ್ರಾಂ. ಪ್ರಮಾಣದಲ್ಲಿ ಅದನ್ನು ಪರೀಕ್ಷಿಸಿದ್ದು ತಲೆ-ಕುತ್ತಿಗೆಯ ಕ್ಯಾನ್ಸರ್‌ನಲ್ಲಿ. ಅಲ್ಲಿ ಸಿಕ್ಕ ಲಾಭ ಕರುಳಿನಲ್ಲೂ ಸಿಗುತ್ತದೆಂದು ಭಾವಿಸಲು ಆಧಾರ ಸಾಲದು.

ಎನ್‌ಜಿಎಸ್ ಪ್ಯಾನೆಲ್

ನೂರಾರು ಜೀನುಗಳನ್ನು ಒಮ್ಮೆಗೇ ಓದುವ ಈ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ನಾಲ್ಕನೇ ಹಂತದಲ್ಲಿ ಆರ್‌ಎಎಸ್, ಬಿಆರ್‌ಎಎಫ್ ಜೀನುಗಳನ್ನು ಹೇಗೂ ನೋಡಲೇಬೇಕಾಗಿರುವುದರಿಂದ ಅಲ್ಲಿ ಇದಕ್ಕೆ ಸ್ಥಾನವಿದೆ, ಎಂಎಸ್‌ಐ ಕೂಡ ಅದರಲ್ಲೇ ತಿಳಿಯಬಹುದು. ಎಂಎಂಆರ್ ಸರಿಯಿದ್ದೂ ಟಿ ಕೋಶಗಳು ಕಿಕ್ಕಿರಿದಿರುವ ಅಪರೂಪದ ಗಡ್ಡೆಗಳಲ್ಲಿ ಪಿಒಎಲ್‌ಇ ಎಂಬ ಜೀನಿನ ದೋಷವನ್ನು ಇದು ಹಿಡಿಯುತ್ತದೆ. ಮೊದಲ ಮೂರು ಹಂತಗಳವರಿಗೆ ಸಾಮಾನ್ಯವಾಗಿ ಬೇಡ.

ಯಾರು ಯಾವುದನ್ನು ಆರಿಸಬೇಕು

ಮೊದಲನೇ ಹಂತದವರು ಎಂಎಂಆರ್ ಒಂದನ್ನು ಮನೆತನದ ಕಾರಣಕ್ಕಾಗಿ ಮಾಡಿಸಿದರೆ ಸಾಕು. ಎರಡನೇ ಹಂತದವರು ಎಂಎಂಆರ್ ಫಲಿತಾಂಶ ಬರುವವರೆಗೆ ಕೀಮೋ ಮಾತ್ರೆ ಶುರುಮಾಡದಿರುವ ಬಗ್ಗೆ ತಮ್ಮ ಆಂಕಾಲಜಿಸ್ಟ್ ಜೊತೆ ಮಾತನಾಡಬೇಕು. ಮೂರನೇ ಹಂತದಲ್ಲಿ ಎಂಎಂಆರ್ ಆದ ಮೇಲೆ, ಮೂರು ತಿಂಗಳೋ ಆರೋ ಎಂಬ ತೂಗಾಟದಲ್ಲಿ ವೈದ್ಯರೇ ಇದ್ದು, ಕೈಯಲ್ಲಿ ಹಣವೂ ಇದ್ದರೆ ಮಾತ್ರ ಎಣಿಕೆಯ ಮಾತು. ಗಡ್ಡೆ ಕರುಳಿನ ಗೋಡೆಯನ್ನು ಪೂರ್ತಿ ಭೇದಿಸಿರದೆ, ಒಂದರಿಂದ ಮೂರು ಗ್ರಂಥಿಗಳಿಗಷ್ಟೇ ಹರಡಿದ್ದರೆ ಕೇಪಾಕ್ಸ್ ಮೂರು ತಿಂಗಳು ಸಾಕೆಂದು ಐಡಿಯಾ ಅಧ್ಯಯನವೇ ಹೇಳಿರುವುದರಿಂದ, ಅಂಥವರಿಗೆ ಎಣಿಕೆಯಿಂದ ಹೊಸದೇನೂ ಸಿಗುವುದಿಲ್ಲ. ನಾಲ್ಕನೇ ಹಂತದವರಿಗೆ ಎಂಎಂಆರ್ ಅಥವಾ ಎಂಎಸ್‌ಐ, ಜೊತೆಗೆ ಆರ್‌ಎಎಸ್-ಬಿಆರ್‌ಎಎಫ್. ಅವರಿಗೆ ಎಣಿಕೆ ಬೇಡ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಪರೀಕ್ಷೆ ಪ್ಯಾಕೇಜಿನೊಳಗೆ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಹಣ ಕಟ್ಟುವ ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿಗೆ ಹೋಗುವುದು ಹೇಗೂ ನಿಶ್ಚಯವಾಗಿದ್ದರೆ ಇಲ್ಲಿ ಅವಸರದಿಂದ ಮಾಡಿಸಬೇಡಿ. ಅಲ್ಲಿ ಬ್ಲಾಕ್‌ಗಳನ್ನು ಮತ್ತೆ ನೋಡಿಯೇ ಮುಂದುವರಿಯುತ್ತಾರೆ, ಒಂದೇ ಪರೀಕ್ಷೆಗೆ ಎರಡು ಸಲ ದುಡ್ಡು ಕೊಡಬೇಕಾದೀತು.

ಅಂಗಾಂಶ ಕೆಟ್ಟರೆ ಯಾವ ಪರೀಕ್ಷೆಯೂ ಇಲ್ಲ

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ನರ್ಸಿಂಗ್ ಹೋಮಿನಿಂದ ಕತ್ತರಿಸಿದ ಕರುಳು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬರೀ ಸಲೈನಿನಲ್ಲಿ ಮುಳುಗಿ, ಮರುದಿನ ಮಧ್ಯಾಹ್ನ ನನ್ನ ಮೇಜಿಗೆ ಬಂತು. ಕ್ಯಾನ್ಸರ್ ಇದೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ನಾಲ್ಕು ಪ್ರೋಟೀನುಗಳಲ್ಲಿ ಒಂದಕ್ಕೂ ಬಣ್ಣ ಹಿಡಿಯಲಿಲ್ಲ, ಪಕ್ಕದ ಲಿಂಫೋಸೈಟುಗಳಿಗೂ ಹಿಡಿಯಲಿಲ್ಲ. ಪರೀಕ್ಷೆಗೆ ಕೊಟ್ಟ ಹಣವನ್ನು ಆ ಮನೆಯವರಿಗೆ ಹಿಂದಿರುಗಿಸಿದೆ, ಅಂಗಾಂಶವನ್ನು ಹಿಂದಿರುಗಿಸುವಂತಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಬೇಕಾದ ಮಾತು ಇದು. ಕತ್ತರಿಸಿದ ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಅದರ ಹತ್ತರಷ್ಟು ಪ್ರಮಾಣದ ಶೇ. 10ರ ಬಫರ್ ಫಾರ್ಮಲಿನ್‌ನಲ್ಲಿ ಕೂಡಲೇ ಮುಳುಗಿಸಬೇಕು. ಅದರಲ್ಲಿ ಕನಿಷ್ಠ 6 ಗಂಟೆ ಇರಬೇಕು, 72 ಗಂಟೆ ಮೀರಬಾರದು. ಶನಿವಾರ ಸಂಜೆ ಶಸ್ತ್ರಚಿಕಿತ್ಸೆಯಾದರೆ ಸೋಮವಾರದವರೆಗೆ ಡಬ್ಬಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಬ್ಲಾಕ್‌ಗಳನ್ನು ಬೇರೆ ಊರಿಗೆ ಒಯ್ಯುವಾಗ ಎಲ್ಲವನ್ನೂ ಕೊಟ್ಟುಬಿಡದೆ, ಗಡ್ಡೆ ಮತ್ತು ಅದರ ಅಂಚು ಎರಡೂ ಇರುವ ಒಂದು ಬ್ಲಾಕ್ ಯಾವುದೆಂದು ಪೆಥಾಲಜಿಸ್ಟರನ್ನು ಕೇಳಿ ಅದನ್ನು ಒಯ್ಯಿರಿ. ಬ್ಲಾಕಿನ ಮೇಲಿನ ಸಂಖ್ಯೆಯೂ ರಿಪೋರ್ಟಿನ ಸಂಖ್ಯೆಯೂ ಒಂದೇ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಯಲ್ಲಿ. ರಾಯಚೂರು-ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಆ ಶಾಖ ಬರುವುದು ಕಷ್ಟವೇನಲ್ಲ. ಪೊಟ್ಟಣವನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ, ಕೈಚೀಲದಲ್ಲಿ ಇಟ್ಟುಕೊಂಡೇ ಇಳಿಯಿರಿ.